ಪುಸ್ತಕ ಬೇಡ, ನಾಯಿ ತೋರಿಸು

ನಮ್ಮ ನಾಯಿಗೆಂದೇ ನಾನೊಂದು ಇನ್ನೂರು ಪುಟದ ನೋಟುಪುಸ್ತಕ ಇಟ್ಟಿದ್ದೇನೆ. ಅದರ ಮೊದಲ ಸಾಲು ಹೀಗಿದೆ: "ಬೆಳ್ತಂಗಡಿ ಅತ್ತೆಯ ಮನೆಯಿಂದ ಬಂತು. ರಟ್ಟಿನ ಪೆಟ್ಟಿಗೆ. ಬಸ್ಸಿನಲ್ಲಿ ವಾಂತಿ ೨." ಆಮೇಲಿನ ಮೂರು ವರ್ಷಗಳಲ್ಲಿ ಅದು ಏನು ತಿಂದಿತು, ಯಾವಾಗ ತಿನ್ನಲಿಲ್ಲ, ಹುಳದ ಮಾತ್ರೆಯನ್ನು ಯಾವ ತಾರೀಕಿಗೆ ಕೊಟ್ಟೆವು, ಪ್ರತಿ ಭಾನುವಾರ ಅದರ ಕಿವಿಯ ಹಿಂದಿನಿಂದ ಎಷ್ಟು ಉಣ್ಣಿ ಕಿತ್ತೆ ಎಂಬುದೆಲ್ಲ ಅದರಲ್ಲಿದೆ. ಉಣ್ಣಿಯ ದಾಖಲೆ ನಲವತ್ತೊಂದು, ಒಂದು ಆಗಸ್ಟಿನ ಭಾನುವಾರದ್ದು. ಕಂದು ಬಣ್ಣದ ಊರ ನಾಯಿ. ಬಲಗಿವಿ ನಿಂತಿರುತ್ತದೆ, ಎಡಗಿವಿ ಮಡಚಿಕೊಂಡಿರುತ್ತದೆ.

ನಮ್ಮ ಮನೆ ಬಂಟ್ವಾಳ ಪೇಟೆಗೂ ಪಾಣೆಮಂಗಳೂರಿಗೂ ನಡುವೆ, ಹೊಳೆಯಿಂದ ಸ್ವಲ್ಪ ಮೇಲೆ. ಅಪ್ಪ ಆಟೋರಿಕ್ಷಾ ಓಡಿಸುತ್ತಾರೆ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ನಾನು ಮೂಡುಬಿದಿರೆಯಲ್ಲಿ ಬಿ.ಎಡ್. ಓದುತ್ತಿದ್ದೇನೆ. ಬೆಳಿಗ್ಗೆ ಏಳು ಹತ್ತರ ಬಸ್ಸು ತಪ್ಪಿದರೆ ಸಿದ್ಧಕಟ್ಟೆಯವರೆಗೂ ನಿಂತೇ ಹೋಗಬೇಕು. ಹಾಗಾಗಿ ಹಗಲಿನ ಬಹುಪಾಲು ನಾಯಿ ಒಂದೇ ಇರುತ್ತದೆ. ಅಂಗಳದ ತೆಂಗಿನ ಮರಕ್ಕೆ ಹಗ್ಗ, ಪಕ್ಕದಲ್ಲಿ ನೀರಿನ ಪಾತ್ರೆ. ಎರಡನ್ನೂ ನೋಡಿಕೊಂಡೇ ನಾನು ಗೇಟು ದಾಟುವುದು.

ಅಂಗಳದ ಆಚೆ ಸೊಂಟದೆತ್ತರದ ಕಲ್ಲಿನ ಗೋಡೆ. ಗೋಡೆಯ ಆಚೆ ಬ್ಯಾರಿ ಮುಸ್ಲಿಮರ ಮನೆ. ಅಲ್ಲಿ ಇರುವುದು ಅರವತ್ತು ದಾಟಿದ ಒಬ್ಬ ಹೆಂಗಸು ಮತ್ತು ಅವರ ಸೊಸೆ. ಮಗ ಸೌದಿಯಲ್ಲಿದ್ದಾನೆ. ಅವರ ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ಚಿಕ್ಕಂದಿನಿಂದ ನಾನೂ ಅವರನ್ನು ಉಮ್ಮ ಎಂದೇ ಕರೆಯುತ್ತೇನೆ. ಉಮ್ಮ ಹನ್ನೆರಡನೆಯ ವಯಸ್ಸಿನಿಂದ ಬೀಡಿ ಕಟ್ಟಿದವರು. ಈಗಲೂ ಮಧ್ಯಾಹ್ನ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಾರೆ. ಅವರ ಮನೆಯಲ್ಲಿ ಬೆಕ್ಕಿದೆ, ಕೋಳಿಗಳಿವೆ. ನಾಯಿಯನ್ನು ಅವರು ಮುಟ್ಟುವುದಿಲ್ಲ. ಅದರ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ ಎಂಬುದು ಅವರ ಕ್ರಮ. ನಮ್ಮ ನಾಯಿಯನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ನಿಮ್ಮ ಅದು" ಎನ್ನುತ್ತಾರೆ. "ನಿಮ್ಮ ಅದು ಇವತ್ತು ಬೊಗಳಲೇ ಇಲ್ಲ ಅಲ್ವಾ?"

ಆದರೆ ನನ್ನ ಪುಸ್ತಕದ ಮೇಲೆ ಅವರಿಗೆ ಬಹಳ ನಂಬಿಕೆಯಿತ್ತು. ಗ್ಯಾಸ್ ಸಿಲಿಂಡರ್ ಬಂದು ಎಷ್ಟು ದಿನವಾಯಿತು, ಅವರ ಕೋಳಿ ಯಾವತ್ತು ಕಾವಿಗೆ ಕೂತಿತು ಎಂಬುದನ್ನೆಲ್ಲ ಗೋಡೆಯ ಆಚೆಯಿಂದಲೇ ಕೇಳುತ್ತಿದ್ದರು. ಅವನ್ನೂ ಅಂಚಿನಲ್ಲಿ ಬರೆದಿಡುತ್ತಿದ್ದ ನಾನು ಪುಟ ತಿರುವಿ ಹೇಳುತ್ತಿದ್ದೆ. ಒಮ್ಮೆ ಇಪ್ಪತ್ತೊಂದನೆಯ ದಿನ ಮರಿಗಳು ಬರುತ್ತವೆ ಎಂದು ನಾನು ಹೇಳಿದಂತೆಯೇ ಬಂದವು. ಅಂದಿನಿಂದ ಸೊಸೆ ಏನಾದರೂ ವಾದ ಮಾಡಿದರೆ, "ಆಚೆ ಮನೆ ಪುಸ್ತಕದಲ್ಲಿ ನೋಡುವ," ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದರು. ನನಗೆ ಅದರಿಂದ ಒಂದು ಸಣ್ಣ ಹೆಮ್ಮೆಯೂ ಇತ್ತು.

ನವೆಂಬರ್ ಎಂಟು, ಶನಿವಾರ. ಮಧ್ಯಾಹ್ನ ಎರಡೂವರೆಗೆ ನಾನು ಬಸ್ಸಿಳಿದು ಬರುವಾಗ ನಮ್ಮ ಅಂಗಳದಲ್ಲಿ ಉಮ್ಮನ ಸೊಸೆ ನಿಂತಿದ್ದಳು. ನಾಯಿ ಜಗಲಿಯ ಮೂಲೆಯಲ್ಲಿ, ಕೊರಳಪಟ್ಟಿ ಇಲ್ಲದೆ, ಬಾಲ ಅಡಗಿಸಿ ಮಲಗಿತ್ತು. ಪಟ್ಟಿ ಮತ್ತು ಹಗ್ಗ ಗೋಡೆಯ ಮೇಲೆ ನೇತಾಡುತ್ತಿದ್ದವು.

"ಮಾಮಿಗೆ ಕಚ್ಚಿತು," ಎಂದಳು ಸೊಸೆ.

ಆದದ್ದು ಇಷ್ಟು. ನೆರಳು ಸಿಗಲಿ ಎಂದು ಅವತ್ತು ಬೆಳಿಗ್ಗೆ ನಾನು ಹಗ್ಗವನ್ನು ಒಂದು ಮೊಳ ಉದ್ದ ಬಿಟ್ಟು ಕಟ್ಟಿದ್ದೆ. ನಾಯಿ ಮುಂಗುಸಿಯನ್ನು ಕಂಡು ಗೋಡೆ ಹಾರಿತ್ತು. ಹಗ್ಗ ಗೋಡೆ ದಾಟುವಷ್ಟು ಉದ್ದವಿತ್ತು, ಆಚೆ ನೆಲ ಮುಟ್ಟುವಷ್ಟು ಇರಲಿಲ್ಲ. ಅದು ಉಮ್ಮನ ಬದಿಯಲ್ಲಿ ಕುತ್ತಿಗೆಯಿಂದ ನೇತಾಡುತ್ತಿತ್ತು. ಹಿಂದಿನ ಕಾಲಿನ ಬೆರಳುಗಳು ಮಾತ್ರ ನೆಲಕ್ಕೆ ತಾಗುತ್ತಿದ್ದವು. ಉಮ್ಮ ಬೀಡಿಯ ಮೊರ ಕೆಳಗಿಟ್ಟು ಓಡಿ ಬಂದು, ಎಡಗೈಯಲ್ಲಿ ಅದರ ಹೊಟ್ಟೆಯನ್ನು ಎತ್ತಿ ಹಿಡಿದು, ಬಲಗೈಯಲ್ಲಿ ಕೊರಳಪಟ್ಟಿಯ ಕೊಕ್ಕೆ ಬಿಡಿಸಲು ನೋಡಿದರು. ಗಾಬರಿಯಲ್ಲಿ ನಾಯಿ ಅವರ ಹೆಬ್ಬೆರಳಿನ ಬುಡಕ್ಕೆ ಹಲ್ಲು ಹಾಕಿತು. ಅವರು ಕೈ ಬಿಡಲಿಲ್ಲ. ಕೊಕ್ಕೆ ಬಿಡಿಸಿದ ಮೇಲೆಯೇ ಬಿಟ್ಟರು.

ನಾನು ಅವರ ಮನೆಗೆ ಹೋದಾಗ ಉಮ್ಮ ಹಿತ್ತಲಿನ ನಲ್ಲಿಯ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು. ಹೆಬ್ಬೆರಳಿನ ಬುಡದಲ್ಲಿ ಎರಡು ತೂತು, ಒಂದು ಗೀರು. ರಕ್ತ ನಿಂತಿತ್ತು.

"ಅರುವತ್ತು ವರ್ಷದಲ್ಲಿ ಮೊದಲನೇ ಸಲ ನಾಯಿ ಮುಟ್ಟಿದ್ದು ನಾನು," ಎಂದರು. "ಅದಕ್ಕೆ ಸಂತೋಷ ಆಗ್ಲಿಲ್ಲ ಕಾಣ್ತದೆ."

"ಆಸ್ಪತ್ರೆಗೆ ಹೋಗುವ ಉಮ್ಮ," ಎಂದೆ.

"ಅದಕ್ಕೆ ಇಂಜೆಕ್ಷನ್ ಹಾಕಿದ್ದುಂಟಾ?"

"ಉಂಟು."

"ಯಾವಾಗ? ಪುಸ್ತಕ ತಾ."

ನಾನು ತಂದೆ. ಜುಲೈ ಇಪ್ಪತ್ತು, ಭಾನುವಾರ. ಹತ್ತಿರದ ಶಾಲೆಯ ಜಗಲಿಯಲ್ಲಿ ಲಸಿಕೆ ಶಿಬಿರ. "ರೇಬೀಸ್ ಲಸಿಕೆ ಆಯಿತು." ಪಕ್ಕದಲ್ಲಿ ನೀಲಿ ಶಾಯಿಯ ಸರಿ ಗುರುತು. ಗಟ್ಟಿಯಾಗಿ ಓದಿದೆ.

"ಪುಸ್ತಕದಲ್ಲಿ ಉಂಟಾದ್ರೆ ಆಯ್ತು," ಎಂದು ಉಮ್ಮ ಎದ್ದು ನಿಂತರು. "ಸಣ್ಣ ಗಾಯ. ಸೂಜಿ ಚುಚ್ಚಿಸಿಕೊಂಡು ಯಾರು ಸಾಯುವುದು? ಹೋಗು, ನಿನ್ನ ಅದಕ್ಕೆ ನೀರು ಕೊಡು. ಹೆದರಿದೆ."

ಸೊಸೆ ಏನೋ ಹೇಳಲು ಹೊರಟಳು. ಉಮ್ಮ ಅವಳತ್ತ ನೋಡಿದರು. ಅವಳು ಒಳಗೆ ಹೋದಳು.

ಸಂಜೆ ಅಮ್ಮ ಬಂದು ವಿಷಯ ತಿಳಿದು ಅಂಗಳದಲ್ಲೇ ಕೂತುಬಿಟ್ಟಳು. ಅಪ್ಪ ಬಂದಮೇಲೆ, "ನಾಳೆಯೇ ಇದನ್ನು ಬೆಳ್ತಂಗಡಿಗೆ ಬಿಟ್ಟು ಬನ್ನಿ," ಎಂದಳು. "ಅವರ ಮುಖ ನೋಡುವುದು ಹೇಗೆ ಇನ್ನು?" ಅಪ್ಪ ಏನೂ ಹೇಳಲಿಲ್ಲ. ಸಾಮಾನ್ಯವಾಗಿ ಅವರು ಏನಾದರೊಂದು ಹೇಳುತ್ತಾರೆ. ಅವತ್ತು ಊಟ ಮಾಡಿ ಬೇಗ ಮಲಗಿದರು. ನಾನು ಪುಸ್ತಕದಲ್ಲಿ ಅದನ್ನೂ ಬರೆದೆ, ಅರ್ಥವಾಗದೆಯೇ.

ಭಾನುವಾರ ಬೆಳಿಗ್ಗೆ ನಾಯಿಯ ಲಸಿಕೆ ಕಾರ್ಡು ಹುಡುಕಿದೆ. ಉಮ್ಮನಿಗೆ ತೋರಿಸಿ ಇನ್ನಷ್ಟು ಧೈರ್ಯ ಹೇಳುವ ಎಂದು. ಪ್ರತಿ ಸಲ ಲಸಿಕೆ ಹಾಕಿದಾಗ ಶೀಶೆಯ ಮೇಲಿನ ಪುಟ್ಟ ಚೀಟಿಯನ್ನು ಕಾರ್ಡಿಗೆ ಅಂಟಿಸುತ್ತಾರೆ. ಹಿಂದಿನ ವರ್ಷದ ಚೀಟಿ ಇತ್ತು. ಅದರ ಕೆಳಗಿನ ಚೌಕ ಖಾಲಿ.

ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದೆ. ಚೀಟಿ ಬಿದ್ದುಹೋಗಿದ್ದರೆ ಅಂಟಿನ ಗುರುತಾದರೂ ಇರಬೇಕಿತ್ತು. ಇರಲಿಲ್ಲ.

ಅಪ್ಪ ರಿಕ್ಷಾದ ಗಾಜು ಒರೆಸುತ್ತಿದ್ದರು. ಕಾರ್ಡು ಅವರ ಮುಂದೆ ಹಿಡಿದೆ. ಅವರು ಬಟ್ಟೆಯನ್ನು ಬಕೆಟ್ಟಿಗೆ ಹಾಕಿದರು.

"ಅವತ್ತು ಅದು ಮಾಣಿಗೆ ಹೋದದ್ದು ಮಗಳೇ."

"ಮಾಣಿಗಾ?"

"ಶಿಬಿರಕ್ಕೇ ಹೊರಟದ್ದು. ದಾರಿಯಲ್ಲಿ ನಮ್ಮ ಖಾಯಂ ಗಿರಾಕಿ ಕೈ ತೋರಿಸಿದ್ರು. ಮಾಣಿಯಲ್ಲಿ ಬೆಂಗಳೂರು ಬಸ್ಸು ಸಿಗ್ಬೇಕು, ಮಳೆ, ಹೆಂಡತಿ ಮಕ್ಕಳು ಬೇರೆ. ಇಲ್ಲ ಹೇಳ್ಲಿಕ್ಕೆ ಆಗ್ಲಿಲ್ಲ. ನಾಯಿಯನ್ನು ಕಾಲ ಹತ್ರ ಕೂರಿಸಿಕೊಂಡೇ ಹೋಗಿ ಬಂದೆ. ಬರುವಾಗ ಶಿಬಿರದವರು ಪೆಟ್ಟಿಗೆ ಕಟ್ಟಿ ಹೋಗಿ ಆಗಿತ್ತು. ಇನ್ನೊಂದು ದಿನ ಹಾಕಿಸುವ ಅಂತ ಇದ್ದೆ. ಮರೆತೇ ಹೋಯ್ತು. ನೀನೂ ಕೇಳ್ಲಿಲ್ಲ."

ನಾನು ಕೇಳಿರಲಿಲ್ಲ. ಯಾಕೆಂದರೆ ನನ್ನ ಪುಸ್ತಕದಲ್ಲಿ ಅದು ಆಗಿಹೋಗಿತ್ತು.

ಇಲ್ಲಿ ನನ್ನ ಅಭ್ಯಾಸದ ಬಗ್ಗೆ ಹೇಳಬೇಕು. ಬಿ.ಎಡ್. ವಿದ್ಯಾರ್ಥಿಗಳಾದ ನಾವು ಪಾಠ ಯೋಜನೆ ಬರೆಯುತ್ತೇವೆ. ನಾಳೆ ಎಂಟನೆಯ ತರಗತಿಗೆ ಏನು ಕಲಿಸುತ್ತೇವೆ, ಮಕ್ಕಳು ಏನು ಉತ್ತರ ಹೇಳುತ್ತಾರೆ, ಕೊನೆಗೆ ಯಾವ ಉದ್ದೇಶ ಸಾಧಿತವಾಯಿತು ಎಂಬುದನ್ನು ಇವತ್ತೇ ಬರೆದು ಸಹಿ ಹಾಕಿಸಬೇಕು. ಮಕ್ಕಳು ಆ ಉತ್ತರ ಹೇಳದಿದ್ದರೂ ಪುಸ್ತಕದಲ್ಲಿ ಹೇಳಿರುತ್ತಾರೆ. ಆ ರೂಢಿ ನಾಯಿಯ ಪುಸ್ತಕಕ್ಕೂ ಬಂದಿತ್ತು. ಜುಲೈ ಇಪ್ಪತ್ತರ ಬೆಳಿಗ್ಗೆ ನಾನು ಕಾಲೇಜಿನ ಪ್ರದರ್ಶನದ ತಯಾರಿಗೆ ಮೂಡುಬಿದಿರೆಗೆ ಹೊರಟಿದ್ದೆ. ಅಪ್ಪ ನಾಯಿಯನ್ನು ರಿಕ್ಷಾಕ್ಕೆ ಹತ್ತಿಸುವುದನ್ನು ಕಣ್ಣಾರೆ ಕಂಡೆ. ಕಂಡು, ನಿಂತಲ್ಲೇ ಪೆನ್ನು ತೆಗೆದು ಸರಿ ಗುರುತು ಹಾಕಿ, ಬಸ್ಸಿಗೆ ಓಡಿದೆ.

ಆಚೆ ಮನೆಗೆ ಹೋಗಲು ಇಪ್ಪತ್ತಾರು ಹೆಜ್ಜೆ. ಅವತ್ತು ನಾನು ಗೇಟಿನ ಹತ್ತಿರ ಎಷ್ಟು ಹೊತ್ತು ನಿಂತೆನೋ ಅದರ ಲೆಕ್ಕ ಇಟ್ಟಿಲ್ಲ. ಹಿಂದಿನ ವರ್ಷದ ಲಸಿಕೆ ಇದೆಯಲ್ಲ, ಅದರ ಬಲ ಇನ್ನೂ ಇರಬಹುದು. ನಾಯಿ ಮನೆ ಬಿಟ್ಟು ಹೋಗುವುದಿಲ್ಲ, ಬೇರೆ ನಾಯಿ ಕಚ್ಚಿದ್ದೂ ಇಲ್ಲ. ಹೀಗೆಲ್ಲ ಮನಸ್ಸು ಹೇಳುತ್ತಿತ್ತು. ಹೇಳುತ್ತಿದ್ದುದೆಲ್ಲ ನಿಜವೇ ಇರಬಹುದು. ಆದರೆ ಕಚ್ಚಿಸಿಕೊಂಡವರು ಅವರು. ಅವರು ಸುಮ್ಮನೆ ಮನೆಯಲ್ಲಿ ಕೂತಿರುವುದು ನನ್ನ ಒಂದು ಗುರುತನ್ನು ನಂಬಿ.

ಉಮ್ಮ ಚಹಾ ಕುಡಿಯುತ್ತಿದ್ದರು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮಾಣಿಯನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಹಾಗಾದ್ರೆ ನೀನು ಬರೆದದ್ದು ಸುಳ್ಳಾ?"

"ಸುಳ್ಳು ಹೇಳ್ಬೇಕು ಅಂತ ಅಲ್ಲ ಉಮ್ಮ. ಮೊದಲೇ ಬರೆದಿಟ್ಟದ್ದು."

"ಆಗದೇ ಇದ್ದದ್ದನ್ನು ಆಯ್ತು ಅಂತ ಬರೆದ್ರೆ ಅದಕ್ಕೆ ನಿಮ್ಮ ಕಾಲೇಜಿನಲ್ಲಿ ಎಂತ ಹೇಳ್ತಾರೆ?"

"ಪಾಠ ಯೋಜನೆ," ಎಂದೆ.

ಸೊಸೆ ಮುಖ ತಿರುಗಿಸಿಕೊಂಡಳು. ನಗುತ್ತಿದ್ದಳೋ ಸಿಟ್ಟಾಗಿದ್ದಳೋ ಗೊತ್ತಾಗಲಿಲ್ಲ. ಉಮ್ಮ ನಗಲಿಲ್ಲ. "ಬೀಡಿ ಇಪ್ಪತ್ತೈದಕ್ಕೆ ಒಂದು ಕಟ್ಟು," ಎಂದರು. "ಇಪ್ಪತ್ನಾಲ್ಕಕ್ಕೆ ನೂಲು ಸುತ್ತಿ, ಇನ್ನೊಂದು ಆಮೇಲೆ ಹಾಕ್ತೇನೆ ಅಂದ್ರೆ ಬೀಡಿ ತಗೊಳ್ಳುವ ಬ್ರಾಂಚಿನವರು ಮುಖಕ್ಕೆ ಎಸೀತಾರೆ." ಎದ್ದು ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದರು. "ನಿನ್ನ ಅಪ್ಪನಿಗೆ ರಿಕ್ಷಾ ತೆಗೀಲಿಕ್ಕೆ ಹೇಳು. ದಾರಿಯಲ್ಲಿ ಯಾರು ಕೈ ತೋರಿಸಿದ್ರೂ ನಿಲ್ಲಿಸ್ಲಿಕ್ಕಿಲ್ಲ ಅಂತಲೂ ಹೇಳು."

ಸೊಸೆಯೂ ನಾನೂ ಜೊತೆಗೆ ಹೋದೆವು. ಆಸ್ಪತ್ರೆಯಲ್ಲಿ ಗಾಯ ನೋಡಿದ ನರ್ಸ್ ನಡುವಯಸ್ಸಿನವರು. ಮೊದಲು ಕೇಳಿದ್ದು, "ಕಚ್ಚಿದ ಮೇಲೆ ಎಂತ ಮಾಡಿದ್ರಿ?"

"ತೊಳೆದೆ."

"ಹೇಗೆ?"

"ನಲ್ಲಿ ಬಿಟ್ಟು. ಏಳು ಸಲ. ನಮ್ಮಲ್ಲಿ ಹಾಗೆ. ಒಂದು ಸಲ ಮಣ್ಣು ಹಾಕ್ಬೇಕು, ಗಾಯಕ್ಕೆ ಮಣ್ಣು ಬೇಡ ಅಂತ ಸೊಸೆ ಸಾಬೂನು ಕೊಟ್ಲು. ಹಾಗಾಗಿ ಸಾಬೂನು ಪ್ರತಿ ಸಲವೂ ಹಾಕಿದೆ, ಎಂತಕ್ಕೂ ಇರ್ಲಿ ಅಂತ. ಮಣ್ಣು ಜೊಲ್ಲು ತಾಗಿದ ಬಟ್ಟೆಗೆ ಹಾಕಿದೆ."

"ಎಷ್ಟು ಹೊತ್ತು ಆಗಿರ್ಬಹುದು?"

"ಕಾಲು ಗಂಟೆ ಆಗಿರ್ಬಹುದು," ಎಂದಳು ಸೊಸೆ. "ಟ್ಯಾಂಕಿಯ ನೀರು ಅರ್ಧ ಖಾಲಿ."

ನರ್ಸ್ ನನ್ನ ಕಡೆ ತಿರುಗಿದರು. "ಇಲ್ಲಿಗೆ ಬರುವವರು ಅರಿಶಿನ ಹಚ್ಚಿಕೊಂಡು ಬರ್ತಾರೆ, ಕಾಫಿ ಪುಡಿ ಹಾಕಿಕೊಂಡು ಬರ್ತಾರೆ. ಹೀಗೆ ತೊಳೆದುಕೊಂಡು ಬಂದವರನ್ನು ನಾನು ನೋಡಿದ್ದು ಕಡಿಮೆ. ಮೊದಲ ಔಷಧಿ ಅದೇ." ಮತ್ತೆ ಉಮ್ಮನಿಗೆ, "ಆದ್ರೆ ನಿನ್ನೆಯೇ ಬರ್ಬೇಕಿತ್ತು."

"ನಾಯಿಗೆ ಲಸಿಕೆ ಆಗಿದೆ ಅಂತ ಇದ್ದೆವು," ಎಂದೆ ನಾನು.

"ಆಗಿದ್ರೂ ಬರ್ಬೇಕು. ನಾಯಿಗೆ ಹಾಕಿದ್ದು ನಾಯಿಗೆ. ಕಚ್ಚಿದ್ರೆ ಇವರಿಗೆ ಹಾಕ್ಲೇಬೇಕು."

ಅಂದರೆ ನನ್ನ ಸರಿ ಗುರುತು ಸತ್ಯವಾಗಿದ್ದರೂ ನಾನು ಹೇಳಿದ ಧೈರ್ಯ ತಪ್ಪೇ ಆಗಿತ್ತು. ಈ ವಿಷಯ ನನಗೆ ಅವತ್ತಿನವರೆಗೆ ತಿಳಿದಿರಲಿಲ್ಲ. ಮೂರು ವರ್ಷ ನಾಯಿಯ ಉಣ್ಣಿ ಎಣಿಸಿದ್ದೆ.

ಡಾಕ್ಟರು ಬಂದು ನೋಡಿದರು. ಗಾಯದ ಸುತ್ತ ಒಂದು ಔಷಧಿಯ ಸೂಜಿ, ಎರಡೂ ತೋಳಿಗೆ ಲಸಿಕೆ. ಗಾಯದ ಸುತ್ತ ಚುಚ್ಚುವಾಗ ಉಮ್ಮ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಬೀಡಿ ಕಟ್ಟುವ ಬೆರಳುಗಳಿಗೆ ಇಷ್ಟು ಬಲವಿರುತ್ತದೆ ಎಂದು ಗೊತ್ತಿರಲಿಲ್ಲ. ಮುಂದಿನ ಲಸಿಕೆಗಳು ಹನ್ನೆರಡನೇ ತಾರೀಕು, ಹದಿನಾರು, ಕೊನೆಯದು ಡಿಸೆಂಬರ್ ಏಳು. ಡಾಕ್ಟರು ಇನ್ನೊಂದು ಮಾತು ಹೇಳಿದರು: ಕಚ್ಚಿದ ದಿನದಿಂದ ಹತ್ತು ದಿನ ನಾಯಿಯನ್ನು ಕಟ್ಟಿ ಹಾಕಿ ನೋಡುತ್ತಿರಬೇಕು. ಹತ್ತು ದಿನ ಅದು ಆರೋಗ್ಯವಾಗಿದ್ದರೆ, ಕಚ್ಚುವಾಗ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದು ಅರ್ಥ. ಏನಾದರೂ ಬದಲಾವಣೆ ಕಂಡರೆ ಕೂಡಲೇ ತಿಳಿಸಬೇಕು.

ಮನೆಗೆ ಬಂದಾಗ ಅಮ್ಮ ಬೆಳ್ತಂಗಡಿಯ ಅತ್ತೆಗೆ ಫೋನು ಮಾಡಿ, ನಾಯಿಯನ್ನು ವಾಪಸ್ ಕಳಿಸುತ್ತೇವೆ ಎಂದು ಹೇಳಿ ಆಗಿತ್ತು. ರಿಕ್ಷಾದಿಂದ ಇಳಿಯುತ್ತಿದ್ದ ಉಮ್ಮ ಅದನ್ನು ಕೇಳಿ ನಿಂತರು.

"ಕಳಿಸಿದ್ರೆ ಹತ್ತು ದಿನ ನಾನು ಯಾರನ್ನು ನೋಡುವುದು? ನಿನ್ನನ್ನಾ?" ಎಂದರು ಅಮ್ಮನಿಗೆ. "ಅದು ಇಲ್ಲೇ ಇರ್ಲಿ. ದಿನಾ ಸಂಜೆ ಗೋಡೆಯ ಹತ್ರ ತಂದು ತೋರಿಸ್ಬೇಕು."

"ನಾನು ಎಲ್ಲ ಬರೆದಿಡ್ತೇನೆ ಉಮ್ಮ," ಎಂದೆ. "ಊಟ, ನೀರು, ನಡಿಗೆ, ಎಲ್ಲ."

"ಪುಸ್ತಕ ಬೇಡ. ನಾಯಿ ತೋರಿಸು."

ಹಾಗೆ ಆ ಹತ್ತು ದಿನಗಳು ಶುರುವಾದವು. ಸಂಜೆ ಐದೂವರೆಗೆ ಉಮ್ಮ ಗೋಡೆಯ ಆಚೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಿದ್ದರು. ನಾನು ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಹಿಡಿದುಕೊಂಡು ಈಚೆ ನಿಲ್ಲುತ್ತಿದ್ದೆ. ಗೋಡೆಯಿಂದ ಇಷ್ಟು ದೂರ ಇರಬೇಕು ಎಂದು ಅವರೇ ಒಂದು ಕಲ್ಲು ಇಡಿಸಿದ್ದರು.

"ನಡೆಸು," ಎನ್ನುತ್ತಿದ್ದರು. ನಡೆಸುತ್ತಿದ್ದೆ. "ತಿರುಗಿಸು." ತಿರುಗಿಸುತ್ತಿದ್ದೆ. "ನೀರು ಕುಡಿಸು." ಅದು ಕುಡಿಯುವ ಶಬ್ದ ಕೇಳಿದ ಮೇಲೆ, "ಆಯ್ತು. ಇವತ್ತಿನ ಲೆಕ್ಕ ಮುಗೀತು," ಎಂದು ಎದ್ದು ಹೋಗುತ್ತಿದ್ದರು. ಅವರು ಎದ್ದ ಮೇಲೆಯೇ ನಾನು ಪುಸ್ತಕ ತೆರೆಯುತ್ತಿದ್ದೆ.

ಮೂರನೆಯ ದಿನ ಅಪ್ಪ, "ಹೆಣ್ಣು ನೋಡ್ಲಿಕ್ಕೆ ಬಂದ ಹಾಗೆ ಉಂಟು," ಎಂದರು. "ಹೆಣ್ಣು ನೋಡುವಾಗ ಹಲ್ಲು ನೋಡುದಿಲ್ಲ ಮಾರಾಯ," ಎಂದರು ಉಮ್ಮ. "ಮಾಣಿಗೆ ಹೋಗುವವರೆಲ್ಲ ಮಾತಾಡ್ಲಿಕ್ಕಿಲ್ಲ." ಅಪ್ಪ ರಿಕ್ಷಾದ ಹಿಂದೆ ಹೋಗಿ ಏನೋ ಹುಡುಕತೊಡಗಿದರು. ಅಪ್ಪನ ಮುಖದಲ್ಲಿ ಮೂರು ದಿನಗಳಲ್ಲಿ ಮೊದಲ ಬಾರಿಗೆ ಸ್ವಲ್ಪ ಬೆಳಕು ಕಂಡದ್ದು ಆಗಲೇ.

ನಾಲ್ಕನೆಯ ದಿನ ಎರಡನೆಯ ಲಸಿಕೆ ಆಯಿತು. ಕಾಲೇಜಿಗೆ ರಜೆ ಹಾಕಿ ನಾನೂ ಹೋದೆ. ಉಮ್ಮನ ಕೈಯ ಬಾವು ಇಳಿದಿತ್ತು. ಆದರೆ ಬೀಡಿ ಸುರುಳಿ ಸುತ್ತುವಾಗ ಹೆಬ್ಬೆರಳೇ ಮುಖ್ಯ, ಅದು ಆಗುತ್ತಿರಲಿಲ್ಲ. ಹಾಗಾಗಿ ಸಂಜೆ ಹೊತ್ತು ಅಮ್ಮ ಅವರ ಜಗಲಿಗೆ ಹೋಗಿ ಎಲೆ ಕತ್ತರಿಸಿ ಸುತ್ತಿ ಕೊಡುತ್ತಿದ್ದಳು. ಕಾರ್ಖಾನೆಗೆ ಸೇರುವ ಮೊದಲು ಅವಳೂ ಬೀಡಿ ಕಟ್ಟಿದವಳೇ. ಎಲೆಯ ಅಳತೆ ತಪ್ಪಿದೆ ಎಂದು ಉಮ್ಮ ಬೈಯುವುದು ನಮ್ಮ ಮನೆಯವರೆಗೆ ಕೇಳುತ್ತಿತ್ತು. ಅಮ್ಮ ಬೈಗುಳ ತಿಂದು ಹಗುರಾಗಿ ಬರುತ್ತಿದ್ದಳು. ಮುಖ ನೋಡುವುದು ಹೇಗೆ ಎಂಬ ಮಾತು ಮತ್ತೆ ಬರಲಿಲ್ಲ.

ಐದನೆಯ ದಿನ, ನವೆಂಬರ್ ಹದಿಮೂರು, ಗುರುವಾರ. ನಾನು ಕಾಲೇಜಿನಿಂದ ಬಂದಾಗ ಬೆಳಗಿನ ಅನ್ನ ಪಾತ್ರೆಯಲ್ಲಿ ಹಾಗೆಯೇ ಇತ್ತು. ನಾಯಿ ಮರದ ಬುಡಕ್ಕೆ ಅಂಟಿಕೊಂಡು ಮಲಗಿತ್ತು. ಕರೆದರೆ ತಲೆ ಎತ್ತಿತು, ಬರಲಿಲ್ಲ. ಅದರ ಬಾಯಿಯ ಒಂದು ಬದಿಯಿಂದ ಜೊಲ್ಲಿನ ನೂಲು ನೆಲದವರೆಗೆ ಇಳಿದಿತ್ತು.

ನಾನು ರೋಗದ ಲಕ್ಷಣಗಳನ್ನು ಓದಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೆ, ಒಟ್ಟು ಏಳು. ಜೊಲ್ಲು. ಊಟ ಬಿಡುವುದು. ಒಂಟಿಯಾಗಿ ಅಡಗುವುದು. ಏಳರಲ್ಲಿ ಮೂರು. ಪೆನ್ನು ಕೈಯಲ್ಲೇ ಇತ್ತು, ಗುರುತು ಹಾಕಲು ಕೈ ಬರಲಿಲ್ಲ.

ಐದೂವರೆಗೆ ಉಮ್ಮ ಕುರ್ಚಿ ತಂದರು. ಇವತ್ತು ಅದು ಮಲಗಿದೆ, ನಾಳೆ ತೋರಿಸುತ್ತೇನೆ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಉದ್ದದ ಕೋಲಿನಿಂದ ಹಗ್ಗವನ್ನು ಎಳೆದುಕೊಂಡು, ಆದಷ್ಟು ದೂರ ನಿಂತು, ಅದನ್ನು ಎಬ್ಬಿಸಿದೆ. ಅದು ಎದ್ದು ಎರಡು ಹೆಜ್ಜೆ ಇಟ್ಟು ಮುಂಗಾಲಿನಿಂದ ಬಾಯಿಯನ್ನು ತಿಕ್ಕಿಕೊಂಡಿತು. ಜೊಲ್ಲು ತೊಟ್ಟಿಕ್ಕಿತು.

ಉಮ್ಮ ಬಹಳ ಹೊತ್ತು ನೋಡಿದರು. ತಲೆಯ ಬಟ್ಟೆಯನ್ನು ಸರಿಮಾಡಿಕೊಂಡರು. ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡಿದ್ದರು.

"ನೀರು ಕುಡಿಸಿ ನೋಡು."

ಪಾತ್ರೆಯನ್ನು ಕೋಲಿನಿಂದ ತಳ್ಳಿದೆ. ನಾಯಿ ಮೂತಿ ಇಟ್ಟು ಸ್ವಲ್ಪ ನೆಕ್ಕಿ ಬಿಟ್ಟಿತು.

"ಮುಚ್ಚಿಡದೆ ತೋರಿಸಿದೆಯಲ್ಲ, ಸಾಕು," ಎಂದರು ಉಮ್ಮ. "ನಾಳೆ ಬೆಳಿಗ್ಗೆ ಅದರ ಡಾಕ್ಟರ ಹತ್ರ ಹೋಗುವ. ನಾನೂ ಬರ್ತೇನೆ."

ಅದಕ್ಕೆ ಹಿಂದೆಲ್ಲ ಲಸಿಕೆ ಹಾಕಿದ ಪಶುವೈದ್ಯರು ಮೂಡುಬಿದಿರೆಯಲ್ಲಿದ್ದಾರೆ, ನಾನು ಬಸ್ಸಿಳಿಯುವ ಜಾಗದಿಂದ ಐದು ನಿಮಿಷ. ಅಪ್ಪ ಅವರಿಗೆ ಫೋನು ಮಾಡಿ ಎಲ್ಲ ಹೇಳಿದರು. ಯಾರೂ ಬಾಯಿಗೆ ಕೈ ಹಾಕಬೇಡಿ, ಬಲೆಯ ಪೆಟ್ಟಿಗೆಯಲ್ಲಿ ತನ್ನಿ ಎಂದರು ಅವರು. ಪೇಟೆಯ ಕೋಳಿ ಅಂಗಡಿಯವರ ದೊಡ್ಡ ಪಂಜರವನ್ನು ಕೇಳಿ ತಂದೆವು. ಶುಕ್ರವಾರ ಬೆಳಿಗ್ಗೆ ಪಂಜರವನ್ನು ರಿಕ್ಷಾದ ಹಿಂದಿನ ಸಾಮಾನಿನ ಜಾಗಕ್ಕೆ ಕಟ್ಟಿ, ನಾನು ಮತ್ತು ಉಮ್ಮ ಸೀಟಿನಲ್ಲಿ ಕೂತೆವು.

"ಜೊಲ್ಲು ಈ ಕಡೆ ಹಾರಿದ್ರೆ ನಿನ್ನ ಅಪ್ಪನ ಹತ್ರ ರಿಕ್ಷಾವನ್ನು ಏಳು ಸಲ ತೊಳೆಸ್ತೇನೆ," ಎಂದರು ಉಮ್ಮ. ಸಿದ್ಧಕಟ್ಟೆ ದಾಟಿದ ಮೇಲೆ ಮೆಲ್ಲಗೆ, "ಮಗನಿಗೆ ನಾನು ಹೇಳ್ಲಿಲ್ಲ," ಎಂದರು. "ಅಲ್ಲಿಂದ ಎಂತ ಮಾಡ್ಲಿಕ್ಕುಂಟು ಅವನಿಗೆ? ನಿದ್ದೆ ಬಿಡ್ತಾನೆ. ಹತ್ತು ದಿನ ಆಗ್ಲಿ, ಮತ್ತೆ ಹೇಳುವ ಅಂತ." ನಾನು ರಸ್ತೆ ನೋಡುತ್ತಿದ್ದೆ. ಅವರು ಹೆದರಿದ್ದರು. ಐದು ದಿನದಿಂದಲೂ ಹೆದರಿಯೇ ಇದ್ದರು. ಕುರ್ಚಿ ಹಾಕಿ ಕೂರುತ್ತಿದ್ದುದು ಅದಕ್ಕೆ.

ವೈದ್ಯರು ಪಂಜರವನ್ನು ಅಂಗಳದಲ್ಲಿಟ್ಟು ಮೊದಲು ಸುಮ್ಮನೆ ನೋಡಿದರು. ಹೆಸರು ಕೂಗಿದರು. ಬಾಲ ಅಲ್ಲಾಡಿತು. ಬಟ್ಟಲಲ್ಲಿ ನೀರಿಟ್ಟರು. ಅದು ತಲೆ ಓರೆ ಮಾಡಿಕೊಂಡು ಕಷ್ಟಪಟ್ಟು ಕುಡಿಯಿತು. ಬೊಗಳಿದ ಸ್ವರವನ್ನು ಕೇಳಿದರು. ಮತ್ತೆ ಮೊಣಕೈವರೆಗಿನ ದಪ್ಪ ಕೈಗವಸು ಹಾಕಿ, ಸಹಾಯಕರನ್ನು ಕರೆದು, ಮಂಪರು ಬರುವ ಸೂಜಿ ಕೊಟ್ಟರು. ನಾವು ಗೇಟಿನ ಹೊರಗೆ ನಿಂತೆವು. ಹನ್ನೆರಡು ನಿಮಿಷ. ಇದನ್ನು ಎಣಿಸಿದ್ದೇನೆ.

ಹೊರಗೆ ಬಂದಾಗ ಅವರ ಕೈಯ ಇಕ್ಕುಳದಲ್ಲಿ ಒಂದು ಎಲುಬಿನ ತುಂಡಿತ್ತು. ನನ್ನ ಕಿರುಬೆರಳಿನ ಉದ್ದ, ಬಿಲ್ಲಿನ ಹಾಗೆ ಬಾಗಿದ್ದು.

"ಮೇಲಿನ ದವಡೆಗೆ ಅಡ್ಡ ಸಿಕ್ಕಿಕೊಂಡಿತ್ತು. ಎರಡು ಹಲ್ಲಿನ ನಡುವೆ. ಬಾಯಿ ಮುಚ್ಚಲಿಕ್ಕೆ ಆಗ್ತಿರಲಿಲ್ಲ ಅದಕ್ಕೆ, ಮತ್ತೆ ಜೊಲ್ಲು ಬಾರದೆ ಇರ್ತದಾ? ಬೇರೆ ಯಾವ ಲಕ್ಷಣವೂ ನನಗೆ ಕಾಣುದಿಲ್ಲ. ಹತ್ತು ದಿನ ಪೂರ್ತಿ ನೋಡಿ. ಆದ್ರೆ ಇದು ಆಡಿನ ಎಲುಬು. ಇದನ್ನು ಹಾಕಿದ್ದು ಯಾರು?"

"ನಮ್ಮಲ್ಲಿ ಆಡಿನ ಮಾಂಸ ಮಾಡಿ ತಿಂಗಳಾಯ್ತು," ಎಂದೆ. ಪುಸ್ತಕ ನೋಡದೆಯೇ ಹೇಳಬಲ್ಲೆ.

ಹಿಂದೆ ಉಮ್ಮ ಕೆಮ್ಮಿದರು.

"ನಾನು ಹಾಕಿದ್ದು," ಎಂದರು. "ಮೊನ್ನೆ ಬುಧವಾರ. ಗೋಡೆಯ ಮೇಲಿಂದ."

"ಎಂತಕ್ಕೆ ಉಮ್ಮ?"

"ಹತ್ತು ದಿನ ಬದುಕ್ಬೇಕಲ್ಲ ಅದು? ನೀನು ಬರೀ ಅನ್ನ, ಮಜ್ಜಿಗೆ ಹಾಕ್ತೀ. ನಾನು ದಿನಾ ನೋಡ್ತೇನೆ. ಹಸಿದು ಸತ್ತುಹೋದ್ರೆ ನನ್ನ ಲೆಕ್ಕ ಎಂತ ಆಗ್ಬೇಕು?"

ವೈದ್ಯರು ಮೊದಲು ನಕ್ಕರು. ಆಮೇಲೆ ಅಪ್ಪ. ಆಮೇಲೆ ನಾನು, ನಗುತ್ತಾ ಕಣ್ಣು ಒರೆಸಿಕೊಳ್ಳುತ್ತಾ ಗೇಟಿನ ಕಂಬ ಹಿಡಿದುಕೊಂಡೆ. ಬೇಯಿಸಿದ ಎಲುಬನ್ನು ನಾಯಿಗೆ ಯಾವತ್ತೂ ಹಾಕಬಾರದು ಎಂದು ವೈದ್ಯರು ಹೇಳಿದ್ದು ಉಮ್ಮನಿಗೆ. ಅವರು ಶಾಲೆಯ ಮಗುವಿನ ಹಾಗೆ ತಲೆಯಾಡಿಸಿದರು. ರಿಕ್ಷಾ ಹತ್ತುವಾಗ, "ನೀನು ಒಂದು ತಪ್ಪು ಮಾಡಿದೆ, ನಾನು ಒಂದು," ಎಂದರು. "ಅಪ್ಪನದ್ದು ಬೇರೆ." ಮುಂದಿನ ಸೀಟಿನಿಂದ ಅಪ್ಪ, "ನಾನು ಕೇಳಿಸಿಕೊಳ್ತಾ ಇದ್ದೇನೆ," ಎಂದರು.

ಉಳಿದ ದಿನಗಳಲ್ಲಿ ಬರೆಯುವಂಥದ್ದು ಕಡಿಮೆ. ಆರು: ಗಂಜಿ ಕುಡಿಯಿತು. ಏಳು: ಅನ್ನ ಪೂರ್ತಿ. ಎಂಟು: ಉಮ್ಮನ ಮೂರನೆಯ ಲಸಿಕೆ, ನಾಯಿ ಬೆಕ್ಕನ್ನು ನೋಡಿ ಬೊಗಳಿತು, ಸ್ವರ ಚೆನ್ನಾಗಿದೆ ಎಂದು ಉಮ್ಮ ಒಪ್ಪಿದರು. ಒಂಬತ್ತು: ವಿಶೇಷವಿಲ್ಲ. ವಿಶೇಷವಿಲ್ಲ ಎಂಬ ಆ ಎರಡು ಪದಗಳನ್ನು ನಾನು ಅಷ್ಟು ನಿಧಾನವಾಗಿ, ಅಷ್ಟು ಚೆಂದದ ಅಕ್ಷರದಲ್ಲಿ ಹಿಂದೆಂದೂ ಬರೆದಿರಲಿಲ್ಲ.

ನವೆಂಬರ್ ಹದಿನೆಂಟು, ಮಂಗಳವಾರ, ಹತ್ತನೆಯ ದಿನ. ಅವತ್ತು ಗೋಡೆಯ ಆಚೆ ಎರಡು ಕುರ್ಚಿಗಳಿದ್ದವು. ಸೊಸೆಯೂ ಬಂದಿದ್ದಳು. ಅಮ್ಮ ಸೀರೆಯ ಸೆರಗಿಗೆ ಕೈ ಒರೆಸುತ್ತಾ ಬಾಗಿಲಲ್ಲಿ ನಿಂತಳು. ನಾಯಿ ನಡೆಯಿತು, ತಿರುಗಿತು, ನೀರು ಕುಡಿಯಿತು, ಯಾರೂ ಹೇಳದೆಯೇ ಉಮ್ಮನತ್ತ ನೋಡಿ ಬಾಲ ಅಲ್ಲಾಡಿಸಿತು.

"ಸಾಕು," ಎಂದರು ಉಮ್ಮ. ಮೊಬೈಲನ್ನು ಸೊಸೆಯ ಕೈಗೆ ಕೊಟ್ಟರು. "ಅವನಿಗೆ ಹಚ್ಚು. ಈಗ ಹೇಳ್ತೇನೆ." ಸೌದಿಯಿಂದ ಮಗನ ಸ್ವರ ಗೋಡೆಯ ಈಚೆಗೂ ಕೇಳುವಷ್ಟು ಏರಿತು. ಉಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದು, ಅವನು ಮುಗಿಸುವವರೆಗೆ ಕಾದು, "ಆಯ್ತಲ್ಲ, ಬದುಕಿದ್ದೇನಲ್ಲ," ಎಂದು ಇಟ್ಟರು. ಆಮೇಲೆ ನನ್ನತ್ತ ತಿರುಗಿ, "ಈಗ ಬರಿ," ಎಂದರು. ಗೋಡೆಯ ಮೇಲೆಯೇ ಪುಸ್ತಕವಿಟ್ಟು ಅವರ ಕಣ್ಣೆದುರಿಗೆ ಬರೆದೆ. ಪೆನ್ನು ಎತ್ತುವವರೆಗೂ ಅವರು ನೋಡುತ್ತಿದ್ದರು.

ನಾಯಿ ಉಳಿದುಕೊಂಡಿತು ಎಂದರೆ ಡಿಸೆಂಬರಿನ ಲಸಿಕೆ ಬಿಡಬಹುದು ಎಂದು ಡಾಕ್ಟರು ಹೇಳಿದ್ದರು. ಉಮ್ಮ ಬಿಡಲಿಲ್ಲ. ನಾಲ್ಕು ಅಂತ ಶುರುವಾದದ್ದನ್ನು ಮೂರಕ್ಕೆ ಕಟ್ಟುವುದಿಲ್ಲ ಎಂದರು. ಏಳನೇ ತಾರೀಕು ನಾನೇ ಕರೆದುಕೊಂಡು ಹೋದೆ. ಅದಕ್ಕೂ ಮೊದಲೇ, ಹತ್ತು ದಿನ ಕಳೆದ ಮರುದಿನ, ನಾಯಿಯನ್ನು ಮೂಡುಬಿದಿರೆಗೆ ಕರೆದುಕೊಂಡು ಹೋಗಿ ಲಸಿಕೆ ಹಾಕಿಸಿದ್ದೆ. ವೈದ್ಯರು ಶೀಶೆಯ ಚೀಟಿಯನ್ನು ಖಾಲಿ ಚೌಕಕ್ಕೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ತಾರೀಕು ಬರೆದರು. ಅದರ ಅಂಟು ಒಣಗುವವರೆಗೆ ಕಾದು ನಾನು ಪುಸ್ತಕ ತೆರೆದೆ. ಹಗ್ಗವನ್ನೂ ಅಳೆದು ಕತ್ತರಿಸಿದ್ದೇನೆ. ಈಗ ಅದು ಗೋಡೆಯವರೆಗೆ ಬರುವುದಿಲ್ಲ.

ಜುಲೈ ಇಪ್ಪತ್ತರ ಪುಟವನ್ನು ಹರಿಯಲಿಲ್ಲ, ಆ ಸರಿ ಗುರುತನ್ನು ಅಳಿಸಲೂ ಇಲ್ಲ. "ರೇಬೀಸ್ ಲಸಿಕೆ ಆಯಿತು" ಎಂಬುದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ಕೆಂಪು ಶಾಯಿಯಲ್ಲಿ ಆದದ್ದನ್ನು ಬರೆದಿದ್ದೇನೆ: "ಮಾಣಿಗೆ ಹೋಗಿ ಬಂತು."